ಮೇಸ್ತ್ರಿಯ ಹತ್ತು ಅಂಕ

ಹಾಳೆ ಮನೆಗೆ ಬಂದದ್ದು ಸೋಮವಾರ ಸಂಜೆ, ಊಟದ ಡಬ್ಬಿಯ ಚೀಲದಲ್ಲಿ. ನಾಲ್ಕು ಪುಟ, ಮೂಲೆಗೊಂದು ಪಿನ್ನು, ಮೊದಲ ಪುಟದ ಮೇಲೆ ಆಗಲೇ ಗ್ರೀಸಿನ ಹೆಬ್ಬೆಟ್ಟು. ಮೇಸ್ತ್ರಿ ಕೈಕಾಲು ತೊಳೆದು, ಕನ್ನಡಕ ಏರಿಸಿ, ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತ. ಬಸ್ ಡಿಪೋದಲ್ಲಿ ಇಪ್ಪತ್ತೊಂಬತ್ತು ವರ್ಷ ಪಿಟ್ಟಿಗಿಳಿದು, ಬಸ್ಸುಗಳ ಹೊಟ್ಟೆಯ ಕೆಳಗೆ ನಿಂತು ಕೆಲಸ ಮಾಡಿದವನು. ಹೆಡ್ ಮೆಕ್ಯಾನಿಕ್ ಎಂಬುದು ಕಾಗದದ ಮೇಲಿನ ಮಾತು. ಡಿಪೋದವರಿಗೂ ಬೀದಿಯವರಿಗೂ ಅವನು ಮೇಸ್ತ್ರಿ.

"ಏನದು?" ಎಂದಳು ಅವನ ತಾಯಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಒದ್ದೆ ಚಾದರ ಹಿಂಡಿದ ಕೈಗಳು ಈಗ ಮೊರದಲ್ಲಿ ಬಟಾಣಿ ಬಿಡಿಸುತ್ತಿದ್ದವು. ಎಪ್ಪತ್ತೆಂಟಾದರೂ ನಾಲಿಗೆಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

"ಡಿಪೋಗೆ ಹೊಸ ನರ್ಸ್ ಬಂದಿದಾಳಲ್ಲ, ಅವಳು ಕೊಟ್ಟಿದ್ದು. ಎಲ್ಲರಿಗೂ ಕೊಟ್ಟಿದಾಳೆ."

"ಜೋರಾಗಿ ಓದು. ನನಗೂ ಕೇಳಲಿ."

ಮೇಸ್ತ್ರಿ ಓದಿದ. "ನಿಮ್ಮ ಜೀವನದಲ್ಲಿ ಅತ್ಯಂತ ಚೆನ್ನಾಗಿ ಕೆಲಸ ಮಾಡಬಲ್ಲವರಾಗಿದ್ದ ಕಾಲಕ್ಕೆ ಹತ್ತು ಅಂಕ ಎಂದಿಟ್ಟುಕೊಳ್ಳಿ. ಈಗ ನಿಮ್ಮ ಕೆಲಸದ ಶಕ್ತಿಗೆ ನೀವೇ ಎಷ್ಟು ಅಂಕ ಕೊಡುತ್ತೀರಿ?" ವಾಕ್ಯ ಮುಗಿಯುವ ಮೊದಲೇ ಅವನ ಪೆನ್ನು ಹತ್ತರ ಸುತ್ತ ಒಂದು ಸುತ್ತು ಹಾಕಿಬಿಟ್ಟಿತ್ತು.

"ಚೆನ್ನಾಗಿದ್ದ ಕಾಲ ಅಂದ್ರೆ ಯಾವುದು ಕಣೋ? ಗೇರ್‌ಬಾಕ್ಸನ್ನ ಎದೆಗೆ ಅವಚಿಕೊಂಡು ಇಳಿಸ್ತಿದ್ದೆ ಅಂತೀಯಲ್ಲ, ಆ ಕಾಲಾನಾ?"

"ಹೂಂ."

"ಈಗ್ಲೂ ಹಾಗೇ ಇಳಿಸ್ತೀಯಾ?"

"ಅಮ್ಮ, ನೀನು ಬಟಾಣಿ ಕಡೆ ನೋಡು."

ಮುಂದಿನ ಪುಟದಲ್ಲಿ ಇನ್ನೊಂದು ಪ್ರಶ್ನೆ ಕಾದಿತ್ತು. 'ನಿಮ್ಮ ಆರೋಗ್ಯ ನೋಡಿದರೆ, ಇನ್ನೆರಡು ವರ್ಷದ ಮೇಲೂ ಇದೇ ಕೆಲಸ ಮಾಡಬಲ್ಲೆ ಎಂದು ನಿಮಗೆ ಅನಿಸುತ್ತದೆಯೇ?' ಮೇಸ್ತ್ರಿ 'ಖಂಡಿತ' ಎಂಬುದಕ್ಕೆ ಗುರುತು ಹಾಕಿದ. ಹಾಕುವಾಗ ಬಲ ಮೊಣಕೈಯನ್ನು ಎಡಗೈಯಿಂದ ಸ್ವಲ್ಪ ಎತ್ತಿ ಮೇಜಿನ ಮೇಲಿಟ್ಟುಕೊಂಡ. ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಹೆಂಡತಿ ಅದನ್ನು ನೋಡಿ, ದಾರ ಕಚ್ಚಿ ತುಂಡರಿಸಿದಳು.

ಹತ್ತು ಬರೆದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ವೆಲ್ಡರ್ ಒಬ್ಬ ಸೊಂಟ ಹಿಡಿದು ಮನೆಯಲ್ಲಿ ಮಲಗಿದವನು ಒಂಬತ್ತು ತಿಂಗಳು ಏಳಲಿಲ್ಲ. ವಾಪಸ್ ಬಂದಾಗ ಅವನನ್ನು ಸ್ಟೋರಿಗೆ ಹಾಕಿದರು. ಗಾಜಿನ ಕಿಟಕಿ, ಮರದ ಸ್ಟೂಲು, ನಟ್ಟು ಬೋಲ್ಟುಗಳ ಡಬ್ಬಗಳು, ಒಂದು ರಿಜಿಸ್ಟರು. ಸ್ಟೋರಿಗೆ ಹೋದವನು ಪಿಟ್ಟಿಗೆ ತಿರುಗಿ ಬಂದ ಉದಾಹರಣೆ ಡಿಪೋದಲ್ಲಿ ಒಂದೂ ಇರಲಿಲ್ಲ. ಆ ವೆಲ್ಡರ್ ದೆಸೆಯಿಂದಲೇ ನರ್ಸ್ ಈ ಹಾಳೆ ತಂದದ್ದು, ಇನ್ನೊಬ್ಬ ಹಾಗೆ ಮಲಗುವ ಮೊದಲೇ ಗೊತ್ತಾಗಲಿ ಎಂದು. ಆದರೆ ಕ್ಯಾಂಟೀನಿನಲ್ಲಿ ಕೂತ ಹದಿನಾಲ್ಕು ಮೆಕ್ಯಾನಿಕ್‌ಗಳಿಗೆ ಅದು ಸ್ಟೋರಿಗೆ ಕಳಿಸುವ ಪಟ್ಟಿಯಂತೆ ಕಂಡಿತು. ಚಹಾ ಮುಗಿಯುವಷ್ಟರಲ್ಲಿ ಮಾತಾಯಿತು: ಎಲ್ಲರೂ ಹತ್ತು ಬರೆಯುವುದು, ಒಬ್ಬನೂ ಒಂಬತ್ತೂವರೆ ಅನ್ನಕೂಡದು. ಮಾತು ಎತ್ತಿದವನು ಮೇಸ್ತ್ರಿಯೇ.

ಅದೇ ವಿಚಿತ್ರ. ಹತ್ತು ಎಂಬ ಅಂಕವನ್ನು ಇಡೀ ಡಿಪೋದಲ್ಲಿ ಯಾರಿಗಾದರೂ ಕಂಡರಾಗದೆ ಇದ್ದರೆ ಅದು ಈ ಮೇಸ್ತ್ರಿಗೇ. ಹನ್ನೆರಡು ವರ್ಷದ ಹಿಂದೆ ಅಲ್ಲಿ 'ಸಂಜೆ ಚೀಟಿ' ಎಂಬ ಪದ್ಧತಿ ತಂದವನು ಅವನು. ಡ್ರೈವರ್ ಸಂಜೆ ಗಾಡಿ ಒಪ್ಪಿಸುವಾಗ ಬ್ರೇಕಿಗೆಷ್ಟು, ಕ್ಲಚ್ಚಿಗೆಷ್ಟು, ಸ್ಟೇರಿಂಗಿಗೆಷ್ಟು ಎಂದು ಹತ್ತರಲ್ಲಿ ಅಂಕ ಹಾಕಿ, ಏನು ತೊಂದರೆ ಎಂದು ಬರೆಯಬೇಕು. ಕೊನೆಯ ಸಾಲು ಮೇಸ್ತ್ರಿಯದು: ಗಾಡಿ ನಾಳೆ ರಸ್ತೆಗೆ ಬಿಡಬಹುದೇ? ಆರು ಅಂಕದ ಗಾಡಿಯನ್ನು ಅವನು ನೆಮ್ಮದಿಯಿಂದ ನೋಡುತ್ತಾನೆ. ಎಲ್ಲಕ್ಕೂ ಹತ್ತು ಬಿದ್ದ ಚೀಟಿ ಬಂದರೆ ಹುಬ್ಬು ಗಂಟಿಕ್ಕಿ, "ಈ ಗಾಡೀನ ಮೊದಲು ಪಿಟ್ಟಿಗೆ ಹಾಕಿ" ಅನ್ನುತ್ತಾನೆ. ಅಂಥವನು ತನ್ನ ಹಾಳೆಯಲ್ಲಿ ಹತ್ತು ಬರೆದು ಹಾಯಾಗಿ ಊಟಕ್ಕೆ ಕೂತ.

ಗುರುವಾರ ನರ್ಸ್ ಹದಿನಾಲ್ಕು ಹಾಳೆಗಳನ್ನೂ ಎತ್ತಿಕೊಂಡು ಪಿಟ್ಟಿನ ಹತ್ತಿರವೇ ಬಂದಳು. ಗಿಡ್ಡ ಹೆಂಗಸು, ಗಟ್ಟಿ ಬೂಟು, ಹೆದರುವ ಸ್ವಭಾವದವಳಲ್ಲ.

"ಹದಿನಾಲ್ಕು ಜನ, ಹದಿನಾಲ್ಕು ಹತ್ತು," ಎಂದಳು. "ಇಷ್ಟು ಗಟ್ಟಿಮುಟ್ಟಾದ ಡಿಪೋ ಎಲ್ಲೂ ಇಲ್ಲ. ನನಗಿಲ್ಲಿ ಏನು ಕೆಲಸ, ಮನೆಗೆ ಹೋಗ್ತೀನಿ."

ಮೆಕ್ಯಾನಿಕ್‌ಗಳು ನಕ್ಕರು. ಮೇಸ್ತ್ರಿ ಕೇಳಿದ: "ಸಿಸ್ಟರ್, ನಮ್ಮ ಮೈಯನ್ನ ನೀವು ನೋಡಿ ಹೇಳಬೇಕು. ನಮ್ಮನ್ನೇ ಕೇಳಿದ್ರೆ ಹೇಗೆ?"

"ರಕ್ತ ನೋಡ್ತೀನಿ, ಬಿಪಿ ನೋಡ್ತೀನಿ. ಕೆಲಸ ಎಷ್ಟು ಆಗುತ್ತೆ ಅನ್ನೋದು ಯಂತ್ರದಲ್ಲಿ ಬರಲ್ಲ ಮೇಸ್ತ್ರಿಗಳೇ. ಬೇರೆ ಬೇರೆ ಕಡೆ ಸಾವಿರಾರು ಜನರನ್ನ ಕೇಳಿ ನೋಡಿದಾರೆ. ಕಡಿಮೆ ಅಂಕ ಯಾರು ತಾವೇ ಕೊಟ್ಕೊಂಡರೋ, ಮುಂದೆ ತಿಂಗಳುಗಟ್ಟಲೆ ರಜೆ ಬಿದ್ದೋರು ಅವರಲ್ಲೇ ಜಾಸ್ತಿ. ಇದೇನು ಜ್ಯೋತಿಷ್ಯ ಅಲ್ಲ. ಐದು ಅಂದೋರೆಲ್ಲ ಮಲಗ್ತಾರೆ ಅಂತಾನೂ ಅಲ್ಲ. ಐದು ಅಂತ ಮೊದಲೇ ಹೇಳಿದ್ರೆ, ಮಲಗದ ಹಾಗೆ ನೋಡ್ಕೊಳ್ಳೋಕೆ ನನಗೆ ದಾರಿ ಇರುತ್ತೆ."

"ಮ್ಯಾನೇಜರ್ ಸ್ಟೋರಿಗೆ ಹಾಕಿದ್ರೆ?"

"ಹಾಳೆ ನನ್ನ ಬೀರುವಿನಲ್ಲಿರುತ್ತೆ, ಬೀಗದ ಕೈ ನನ್ನ ಹತ್ತಿರ. ನೀವು ಒಪ್ಪಿದ್ದಷ್ಟೇ ಮ್ಯಾನೇಜರ್‌ಗೆ ಹೋಗೋದು." ಅವಳು ಖಾಲಿ ಹಾಳೆಗಳನ್ನು ಹಂಚಿದಳು. "ಇನ್ನೊಂದು ಸಲ ಬರೀರಿ. ಮುಂದಿನ ವಾರ, ಶನಿವಾರದೊಳಗೆ ಕೊಡಿ."

ಆ ಖಾಲಿ ಹಾಳೆ ಮನೆಯ ಟಿವಿಯ ಮೇಲೆ ಕೂತು ಧೂಳು ತಿನ್ನತೊಡಗಿತು.

ಮನೆಯಲ್ಲಿ ಅಷ್ಟು ಹೊತ್ತಿಗೆ ಮೂವರು ಹೆಂಗಸರು, ಒಬ್ಬರಿಗೊಬ್ಬರು ಹೇಳದೆ, ತಲಾ ಒಂದೊಂದು ಗುಟ್ಟು ನಡೆಸಿಕೊಂಡು ಬಂದಿದ್ದರು. ಹೆಂಡತಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಚಹಾ ಡಬ್ಬವನ್ನು ಕಟ್ಟೆಯ ಮೇಲಕ್ಕೆ ಇಳಿಸಿದ್ದಳು. ಬೆಳಗಿನ ಚಹಾ ಮಾಡುವವನು ಮೇಸ್ತ್ರಿ, ಅವನ ಬಲಗೈ ಹೆಗಲಿಗಿಂತ ಮೇಲೆ ಹೋಗುವುದು ನಿಂತು ಆರು ತಿಂಗಳಾಗಿತ್ತು. ಅವನ ಕೆಲಸದ ಅಂಗಿಗಳ ಕಂಕುಳನ್ನು ಬಿಚ್ಚಿ ಬಟ್ಟೆ ಕೊಟ್ಟು ಅಗಲ ಮಾಡಿದ್ದಳು. ಅವನ ತಾಯಿ, ಮನೆಯ ಅಜ್ಜಿ, ಅವನು ಬರುವ ಹೊತ್ತಿಗೆ ಮೆಟ್ಟಿಲ ಬುಡಕ್ಕೆ ಇಳಿದು ಹೋಗಿ, "ಕಾಲಾಡಿಸೋಕೆ ಬಂದೆ" ಎಂದು ಸುಳ್ಳು ಹೇಳಿ, ಚೀಲ ಇಸಿದುಕೊಳ್ಳುತ್ತಿದ್ದಳು. ಮೇಸ್ತ್ರಿ ತಾಯಿಯನ್ನು ಹತ್ತಿಸಿಕೊಂಡು ಬಂದೆ ಎಂದುಕೊಳ್ಳುತ್ತಿದ್ದ.

ಮಗಳ ಗುಟ್ಟು ಡಿಪೋದಲ್ಲಿತ್ತು. ಇಪ್ಪತ್ತಾರು ವರ್ಷ, ಅದೇ ಡಿಪೋದ ಬಸ್ ಡ್ರೈವರ್. ಅಪ್ಪ ಕೈ ಮೇಲೆತ್ತಿ ಬಿಗಿಯಬೇಕಾದ ಬೋಲ್ಟುಗಳನ್ನು ಟಯರ್ ವಿಭಾಗದವನು ಬಂದು ಬಿಗಿದು ಹೋಗುವಂತೆ ಅವಳೇ ಹೇಳಿಟ್ಟಿದ್ದಳು. ಟಯರ್‌ನವನು ಅವರ ಬೀದಿಯವನೇ, ಮೇಸ್ತ್ರಿಯ ವಯಸ್ಸಿನವನು, ಅವಳಿಗೆ ಮಾಮ. ಅವನೂ ನಾಟಕ ಚೆನ್ನಾಗಿ ಆಡುತ್ತಿದ್ದ: "ನೀನು ಹಿಡ್ಕೊ ಮೇಸ್ತ್ರಿ, ನನಗೂ ಮೈ ಜಡ್ಡುಗಟ್ಟಿದೆ, ನಾನು ಬಿಗೀತೀನಿ."

ಮರುವಾರ, ಬುಧವಾರ ಮಧ್ಯಾಹ್ನ ಇದೆಲ್ಲ ಬಯಲಿಗೆ ಬರಲು ಒಂದು ಬ್ರೇಕು ಕಾರಣವಾಯಿತು. ಹಿಂದಿನ ಸಂಜೆ ಮಗಳು ಬ್ರೇಕಿಗೆ ಒಂಬತ್ತು ಎಂದು ಚೀಟಿ ಬರೆದು ಬೇಗ ಮನೆಗೆ ಹೋಗಿದ್ದಳು. ಬಿಚ್ಚಿ ನೋಡಿದರೆ ಬ್ರೇಕಿನ ಲೈನರ್ ಸವೆದು ಬೆರಳಿನ ಚರ್ಮದಷ್ಟಾಗಿತ್ತು. ಮೇಸ್ತ್ರಿ ಅವಳನ್ನು ಎಲ್ಲರೆದುರು ನಿಲ್ಲಿಸಿದ.

"ಗಾಡಿ ಓಡಿಸಿದವಳು ನೀನು. ಪೆಡಲು ಎಷ್ಟು ಕೆಳಗೆ ಹೋಗುತ್ತೆ ಅಂತ ನಿನ್ನ ಕಾಲಿಗೆ ಗೊತ್ತು. ನೀನೇ ಮುಚ್ಚಿಟ್ರೆ ನಾನು ಯಾರನ್ನ ಕೇಳಲಿ? ಪ್ಯಾಸೆಂಜರನ್ನಾ?"

"ಒಂದು ದಿನ ತಡೆಯುತ್ತೆ ಅಂದ್ಕೊಂಡೆ."

"ಎಲ್ಲರೂ ಹಾಗೇ ಅಂದ್ಕೊಳ್ಳೋದು. ನಡುರಸ್ತೆಯಲ್ಲಿ ನಿಂತ ಗಾಡಿಗಳೆಲ್ಲ ಒಂದು ದಿನ ತಡೆಯುತ್ತೆ ಅಂದ ಗಾಡಿಗಳೇ."

ತಪ್ಪು ತನ್ನದೇ ಎಂದು ಮಗಳು ತಲೆ ತಗ್ಗಿಸಿ ನಿಂತಳು. ಆದರೆ ಸಂಜೆ ಊಟದ ಹೊತ್ತಿಗೆ ಆ ತಲೆ ಎದ್ದಿತ್ತು.

ಅಂದು ಸೊಪ್ಪು, ಬೇಳೆ, ಅನ್ನ. ಪಾತ್ರೆ ಮೇಜಿನ ಆ ತುದಿಯಲ್ಲಿತ್ತು. ಮೇಸ್ತ್ರಿ ಎಡಗೈ ಚಾಚಿ ಸೌಟು ತೆಗೆದುಕೊಂಡ.

"ಅಪ್ಪ, ಬಲಗೈಗೆ ಏನಾಗಿದೆ?"

"ಏನಿಲ್ಲ. ಇವತ್ತು ಸ್ವಲ್ಪ ಹಿಡ್ಕೊಂಡಿದೆ."

"ಟಿವಿ ಮೇಲಿನ ಹಾಳೇಲಿ ಎಷ್ಟು ಬರೀತೀಯ?"

"ಬರೆದಾಗಿದೆಯಲ್ಲ ಒಂದು ಸಲ. ಅದೇ."

"ಹತ್ತಾ?" ಮಗಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ನನ್ನ ಕಾಲಿಗೆ ಪೆಡಲು ಗೊತ್ತು ಅಂದೆ. ಸರಿ. ನಿನ್ನ ಭುಜ ಎಲ್ಲೀತನಕ ಹೋಗುತ್ತೆ ಅಂತ ನಾನು ಯಾರನ್ನ ಕೇಳಲಿ? ಪ್ಯಾಸೆಂಜರನ್ನಾ?"

"ಮಾತು ಎಲ್ಲಿಂದೆಲ್ಲಿಗೋ ಎಳೀಬೇಡ."

"ನಿನ್ನ ತಲೆ ಮೇಲಿನ ಬೋಲ್ಟೆಲ್ಲ ಬಿಗೀತಿರೋದು ಮಾಮ. ನಾನೇ ಹೇಳಿಟ್ಟಿದ್ದು."

ಮೇಸ್ತ್ರಿಯ ಸೌಟು ನಿಂತಿತು. ಹೆಂಡತಿ ತಲೆ ತಗ್ಗಿಸಿಕೊಂಡೇ ಅಂದಳು: "ಅಂಗಿ ಕಂಕುಳು ಮೂರು ಸಲ ಬಿಚ್ಚಿದೀನಿ ರೀ. ನೀವು ದಪ್ಪ ಆಗಿಲ್ಲ. ಕೈ ಮೇಲೇಳ್ತಿಲ್ಲ, ಅದಕ್ಕೆ. ಚಹಾ ಡಬ್ಬ ತಾನಾಗಿ ಕೆಳಗಿಳಿದು ಬಂತು ಅಂದ್ಕೊಂಡಿದೀರಾ?"

"ನೀನೂನಾ?"

"ಚೀಲ ಹೊರೋದು ನಾನು," ಎಂದಳು ಅಜ್ಜಿ. "ಈ ವಯಸ್ಸಿನಲ್ಲಿ ನನಗೆ ಯಾವ ಕಾಲಾಡಿಸೋ ಹುಚ್ಚು ಕಣೋ?"

ಮೇಸ್ತ್ರಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. "ಯಾರು ಕೇಳಿದ್ರು ನಿಮ್ಮನ್ನ? ನನ್ನ ಕೆಲಸ ನಾನು ಮಾಡ್ಕೊಳ್ತಿದೀನಿ. ಇವತ್ತಿನವರೆಗೂ ಒಂದು ಗಾಡಿ ನಿಂತಿಲ್ಲ. ಐದು ಅಂತ ಬರೆದು ಗಾಜಿನ ಕಿಟಕಿ ಹಿಂದೆ ಕೂತು ವಾಷರ್ ಎಣಿಸಲಾ? ಪಿಟ್ಟು ಬಿಟ್ರೆ ನಾನೇನು?"

"ಆ ವೆಲ್ಡರ್ ಥರ ಒಂಬತ್ತು ತಿಂಗಳು ಮಲಗಿದ್ರೆ ಆಗ ಏನು?" ಎಂದಳು ಹೆಂಡತಿ. "ನನಗೆ ಭಯ ಆಗುತ್ತೆ ರೀ. ದಿನಾ ಬೆಳಿಗ್ಗೆ ನೀವು ಅಂಗಿ ಹಾಕೋದನ್ನ ನೋಡೋಕೆ ಭಯ ಆಗುತ್ತೆ."

ಅಜ್ಜಿ ನೀರು ಕುಡಿದು ಲೋಟ ಕೆಳಗಿಟ್ಟಳು. "ನಿನ್ನ ಹತ್ತರಲ್ಲಿ ಐದು ನಮ್ಮದು ಕಣೋ. ಶುಕ್ರವಾರ ಒಂದು ದಿನ ನಮ್ಮ ಐದು ನಾವು ವಾಪಸ್ ತಗೋತೀವಿ. ನಿನ್ನ ಹತ್ತಿರ ಎಷ್ಟು ಉಳಿಯುತ್ತೆ ನೋಡ್ಕೊ."

ಮೇಸ್ತ್ರಿ ಕೈ ತೊಳೆದು ಎದ್ದುಹೋದ. ಗುರುವಾರವೆಲ್ಲ ಮನೆಯಲ್ಲಿ ಮುಖ ಗಂಟು ಹಾಕಿಕೊಂಡೇ ಓಡಾಡಿದ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಚಹಾ ಡಬ್ಬ ಇಲ್ಲ. ಮೊದಲಿನ ಹಾಗೆ ಮೇಲಿನ ಹಲಗೆಯಲ್ಲಿ ಕೂತಿದೆ. ಕೆಳಗೊಂದು ಸ್ಟೂಲು ಇತ್ತು. ಹೆಂಡತಿಗೆ ಮುಷ್ಕರ ಪೂರ್ತಿ ಮಾಡಲು ಮನಸ್ಸು ಬಂದಿರಲಿಲ್ಲ. ಮೇಸ್ತ್ರಿ ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಬಲಗೈ ಎತ್ತಿದ. ಹೆಗಲ ಮಟ್ಟದಲ್ಲಿ ಅದು ನಿಂತಿತು, ಒಳಗೆ ಏನೋ ಕಚ್ಚಿ ಹಿಡಿದಂತೆ. ಎಡಗೈಯಿಂದ ಎಳೆಯಲು ಹೋದಾಗ ಡಬ್ಬ ಮಗುಚಿ ಕಟ್ಟೆಯ ತುಂಬ ಚಹಾಪುಡಿ ಚೆಲ್ಲಿತು. ಚಹಾ ಆಗಲಿಲ್ಲ. ಹಾಸಿಗೆಯ ಮೇಲೆ ಇಸ್ತ್ರಿ ಮಾಡಿಟ್ಟ ಅಂಗಿ ಹಳೆಯದು, ಕಂಕುಳು ಬಿಚ್ಚದೆ ಇದ್ದದ್ದು. ಅದರ ತೋಳಿಗೆ ಕೈ ತೂರಿಸಲು ಹಿಡಿದ ಹೊತ್ತಿನಲ್ಲಿ ಬೇರೆಯವರು ಸ್ನಾನ ಮುಗಿಸುತ್ತಾರೆ. ಬಾಗಿಲ ಆಚೆ ಹೆಂಡತಿ ಸೆರಗಿನ ತುದಿ ಬಾಯಿಗೊತ್ತಿಕೊಂಡು ನಿಂತಿದ್ದಳು. ಒಳಗೆ ಹೋಗಹೊರಟವಳ ಕೈಯನ್ನು ಅಜ್ಜಿ ಹಿಡಿದುಕೊಂಡಳು.

"ಅತ್ತೆ, ಪಾಪ ಕಣತ್ತೆ."

"ನನ್ನ ಮಗ. ನನಗೆ ಪಾಪ ಅನಿಸಲ್ವಾ? ಸುಮ್ನಿರು."

ಡಿಪೋದಲ್ಲಿ ಮೊದಲ ಗಾಡಿಯ ಗೇರ್‌ಬಾಕ್ಸ್ ಇಳಿಸುವುದಿತ್ತು. ಮೇಸ್ತ್ರಿ ಪಿಟ್ಟಿಗಿಳಿದು ಟಯರ್‌ನವನನ್ನು ಕೂಗಿದ. ಅವನು ಮೇಲಿನಿಂದ ಬಗ್ಗಿ ನೋಡಿದ.

"ಇವತ್ತು ಬರಲ್ಲ ಮೇಸ್ತ್ರಿ. ನಿನ್ನ ಮಗಳು ಬೇಡ ಅಂದಿದಾಳೆ. ಅವಳ ಮಾತು ಮೀರೋಕೆ ನನಗೆ ಧೈರ್ಯ ಇಲ್ಲ."

ಮೇಲೆ ಎಂಟು ಬೋಲ್ಟು. ಸ್ಪ್ಯಾನರ್ ಎಡಗೈಗೆ ತೆಗೆದುಕೊಂಡು ಮೇಸ್ತ್ರಿ ಎರಡನ್ನು ಸಡಿಲಿಸಿದ. ಮೂರನೆಯದಕ್ಕೆ ಬಲಗೈಯ ಆಸರೆ ಬೇಕಾಯಿತು. ಹಲ್ಲು ಕಚ್ಚಿ ಎತ್ತಿದ. ಕೈ ಬರಲಿಲ್ಲ, ಬದಲಿಗೆ ಕಣ್ಣಲ್ಲಿ ನೀರು ಬಂತು. ಉಳಿದ ಆರು ಬೋಲ್ಟುಗಳನ್ನು ನೋಡುತ್ತ ಅವನು ಪಿಟ್ಟಿನ ಮೆಟ್ಟಿಲ ಮೇಲೆ ಕೂತ. ಅವನಿಗೆ ಸುಸ್ತಾಗಿತ್ತು, ಸುಳ್ಳು ಹೊತ್ತುಕೊಂಡು ತಿರುಗಿದ್ದರದೇ ಸುಸ್ತು. ಬೇರೆ ಯಾರದಾದರೂ ಗಾಡಿ ಇಷ್ಟು ಕೆಟ್ಟಿದ್ದು ಮುಚ್ಚಿಟ್ಟಿದ್ದರೆ ಅವರಿಗೆ ಏನನ್ನುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಿಯ ಜೇಬಿನಲ್ಲಿ ಸಂಜೆ ಚೀಟಿಯ ಪುಸ್ತಕ ಇತ್ತು. ಒಂದು ಚೀಟಿ ಹರಿದು ಮೊಣಕಾಲಿನ ಮೇಲಿಟ್ಟುಕೊಂಡ. ನರ್ಸಿನ ನಾಲ್ಕು ಪುಟದ ಹಾಳೆ ಎದುರು ಕೂತರೆ ಅವನಿಗೆ ಪರೀಕ್ಷೆ ಬರೆದಂತಾಗುತ್ತಿತ್ತು. ಈ ಚೀಟಿಯಾದರೆ ಅವನೇ ಮಾಡಿದ್ದು, ಇದರಲ್ಲಿ ಸುಳ್ಳು ಬರೆದು ಅಭ್ಯಾಸವಿರಲಿಲ್ಲ. ಬರೆಯತೊಡಗಿದ ಮೇಲೆ ಕೈ ನಿಲ್ಲಲಿಲ್ಲ.

ಅರ್ಧ ಗಂಟೆಯ ಮೇಲೆ ನರ್ಸಿನ ಕೋಣೆಯ ಬಾಗಿಲು ತಟ್ಟಿ, ಚೀಟಿಯನ್ನು ಮೇಜಿನ ಮೇಲಿಟ್ಟು ನಿಂತ. ನರ್ಸ್ ಓದಿದಳು.

'ಗಾಡಿ: ಐವತ್ನಾಲ್ಕು ವರ್ಷ ಹಳೆಯದು. ಕಣ್ಣು: ಎಂಟು, ಕನ್ನಡಕ ಇದ್ದರೆ. ಕಿವಿ: ಒಂಬತ್ತು, ಇಂಜಿನ್ ಸದ್ದು ಕೇಳಿ ರೋಗ ಹೇಳುತ್ತದೆ. ಕಾಲು: ಏಳು. ಎಡಗೈ: ಎಂಟು. ಬಲ ಭುಜ: ಎರಡು. ತೊಂದರೆ: ಹೆಗಲಿಗಿಂತ ಮೇಲೆ ಹೋಗುವುದಿಲ್ಲ, ಆರು ತಿಂಗಳಿಂದ. ಒಟ್ಟು: ಐದು. ಆಗಬೇಕಾದ ಕೆಲಸ: ಭುಜ ರಿಪೇರಿ. ಅಲ್ಲಿಯವರೆಗೆ ತಲೆ ಮೇಲಿನ ಕೆಲಸ ಕೊಡಬಾರದು. ಸ್ಟೋರಿನಲ್ಲಿ ಗೇರ್‌ಬಾಕ್ಸ್ ಎತ್ತುವ ಜಾಕು ಎರಡು ವರ್ಷದಿಂದ ಪ್ಲಾಸ್ಟಿಕ್ ಸುತ್ತಿಕೊಂಡು ಬಿದ್ದಿದೆ. ಅದನ್ನು ಬಳಸುವುದು ಅವಮಾನ ಎಂದು ಎಲ್ಲರಿಗೂ ಹೇಳಿದವನು ನಾನೇ. ಅದನ್ನು ತೆಗೆಯಬೇಕು. ಗಾಡಿ ನಾಳೆ ರಸ್ತೆಗೆ ಬಿಡಬಹುದೇ: ಬಿಡಬಹುದು. ಪಿಟ್ಟಿನಿಂದ ಮಾತ್ರ ತೆಗೆಯಬಾರದು.'

ನರ್ಸ್ ಚೀಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಮೇಸ್ತ್ರಿಗಳೇ, ನನ್ನ ನಾಲ್ಕು ಪುಟಕ್ಕಿಂತ ಇದು ಚೆನ್ನಾಗಿದೆ."

"ಸ್ಟೋರಿಗೆ ಹಾಕ್ತೀರಾ?"

"ಇಷ್ಟು ಸರಿಯಾಗಿ ರೋಗ ಹೇಳೋನನ್ನ ಸ್ಟೋರಿಗೆ ಹಾಕಿದ್ರೆ ಡಿಪೋ ಮುಚ್ಚಬೇಕಾಗುತ್ತೆ. ಕೂತ್ಕೊಳ್ಳಿ. ಅಂಗಿ ತೆಗೀರಿ, ಭುಜ ನೋಡೋಣ. ಆಮೇಲೆ ಮ್ಯಾನೇಜರ್ ಹತ್ತಿರ ಇಬ್ಬರೂ ಹೋಗೋಣ."

"ಅಂಗಿ ತೆಗೆಯೋಕೆ ಹೊತ್ತಾಗುತ್ತೆ ಸಿಸ್ಟರ್. ಹಾಕ್ಕೊಳ್ಳೋಕೇ ಇಪ್ಪತ್ತು ನಿಮಿಷ ಆಯ್ತು," ಎಂದ ಮೇಸ್ತ್ರಿ. ಆರು ತಿಂಗಳಲ್ಲಿ ಅವನು ತನ್ನ ಭುಜದ ಬಗ್ಗೆ ಬಾಯಿಬಿಟ್ಟು ಆಡಿದ ಮೊದಲ ನಿಜ ಅದು.

ಮ್ಯಾನೇಜರ್ ಒಂದಿಷ್ಟು ಗೊಣಗಿದ, ತಲೆ ಕೆರೆದುಕೊಂಡ, ಕೊನೆಗೆ ಎರಡು ತಿಂಗಳು ತಲೆ ಮೇಲಿನ ಕೆಲಸ ಕೊಡದೆ ಪಿಟ್ಟಿನಲ್ಲೇ ಇಡಲು ಒಪ್ಪಿದ. ಮಧ್ಯಾಹ್ನ ಜಾಕಿನ ಪ್ಲಾಸ್ಟಿಕ್ ಬಿಚ್ಚಿದರು. ಗಾಜಿನ ಕಿಟಕಿಯ ಹಿಂದಿದ್ದ ವೆಲ್ಡರ್ ತಾನೇ ಅದನ್ನು ದೂಡಿಕೊಂಡು ಬಂದು, ಗಾಲಿಗಳಿಗೆ ಎಣ್ಣೆ ಹಾಕಿ ಕೊಟ್ಟ. ಉಳಿದ ಆರು ಬೋಲ್ಟುಗಳನ್ನು ಟಯರ್‌ನವನು ಬಿಚ್ಚಿದ, ಈ ಸಲ ನಾಟಕವಿಲ್ಲದೆ. ಗೇರ್‌ಬಾಕ್ಸ್ ಜಾಕಿನ ಮೇಲೆ ಮೆತ್ತಗೆ ಇಳಿಯುವುದನ್ನು ಹದಿಮೂರು ಜನ ಸುತ್ತ ನಿಂತು ನೋಡಿದರು. ಯಾರೂ ನಗಲಿಲ್ಲ. ಶನಿವಾರ ನರ್ಸಿಗೆ ಬಂದ ಹಾಳೆಗಳಲ್ಲಿ ಹತ್ತು ಒಂದೇ ಒಂದು. ಅದು ಹೊಸದಾಗಿ ಮದುವೆಯಾದ ಎಲೆಕ್ಟ್ರಿಷಿಯನ್‌ನದು, ಅದನ್ನು ಯಾರೂ ಅನುಮಾನಿಸಲಿಲ್ಲ. ಆರು ಇದ್ದವು, ಏಳು ಇದ್ದವು. ಟಯರ್‌ನವನದು ನಾಲ್ಕು.

"ನಾಲ್ಕಾ?" ಎಂದ ಮೇಸ್ತ್ರಿ, ಟಯರ್‌ನವನು ತಾನಾಗಿ ಬಂದು ಹೇಳಿದಾಗ. "ಇಷ್ಟು ದಿನ ನನ್ನ ಬೋಲ್ಟು ಬಿಗೀತಿದ್ದೆಯಲ್ಲೋ."

"ಸೊಂಟ ಹೋಗಿದೆ. ನೀನು ಹತ್ತು ಅಂದ ಮೇಲೆ ನಾನು ನಾಲ್ಕು ಅನ್ನೋಕಾಗುತ್ತಾ?"

ಆ ಮಾತು ಮೇಸ್ತ್ರಿಗೆ ತನ್ನ ಭುಜಕ್ಕಿಂತ ಜೋರಾಗಿ ನೋಯಿತು. ಆವತ್ತೇ ಅವನನ್ನು ಕರೆದುಕೊಂಡು ಮತ್ತೆ ನರ್ಸಿನ ಕೋಣೆಗೆ ಹೋದ.

ಎರಡು ತಿಂಗಳು ಎಲ್ಲರೂ ಸೇರಿ ಆ ಭುಜದ ಬೆನ್ನು ಹತ್ತಿದರು. ಗೋಡೆಗೆ ಬೆರಳಿಟ್ಟು ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ನಡೆಸುವ ವ್ಯಾಯಾಮವನ್ನು ನರ್ಸ್ ಹೇಳಿಕೊಟ್ಟಿದ್ದಳು. ಹೆಂಡತಿ ಹೊಲಿಗೆಯ ಟೇಪಿನಿಂದ ಅಳೆದು, ಅಡುಗೆಮನೆಯ ಗೋಡೆಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ವಾರಕ್ಕೆ ಒಂದು ಬೆರಳು, ಕೆಲವು ವಾರ ಅದೂ ಇಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಲೆಕ್ಕ ತಪ್ಪದಂತೆ ನೋಡಿಕೊಂಡಳು: "ಹನ್ನೆರಡು ಆಯ್ತು, ಇನ್ನೂ ಮೂರಿದೆ. ನರ್ಸ್ ಹದಿನೈದು ಅಂದಿದಾಳೆ. ಕಳ್ಳ." ಮಗಳ ಸಂಜೆ ಚೀಟಿಗಳು ಎಷ್ಟು ಕಟ್ಟುನಿಟ್ಟಾದವೆಂದರೆ ಒಂದು ದಿನ ಹಾರ್ನಿಗೂ ಆರೂವರೆ ಬಿತ್ತು.

ಒಂಬತ್ತನೆಯ ವಾರ, ಸೋಮವಾರ ಬೆಳಿಗ್ಗೆ, ಹೆಂಡತಿ ಅಡುಗೆಮನೆಯಲ್ಲಿ ಹಲಗೆಗಳನ್ನು ಒರೆಸುತ್ತಿದ್ದಳು. ಹಿಂದಿನ ದಿನ ಅವನ ಒಂದು ಅಂಗಿಯ ಕಂಕುಳಿನ ಪಟ್ಟಿ ಬಿಚ್ಚಿ, ಮೊದಲಿನಂತೆ ಹಿಡಿದು ಹೊಲಿದಿದ್ದಳು. ಅವನು ಅದನ್ನೇ ಹಾಕಿಕೊಂಡು ಬಂದು ನಿಂತಿದ್ದ, ಗುಂಡಿ ಹಾಕಿಕೊಳ್ಳುತ್ತ, ಎರಡೂ ಕೈಯಿಂದ. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ. ಚಹಾ ಡಬ್ಬ ಎತ್ತಿಕೊಂಡು, ಮೇಲಿನ ಹಲಗೆಯ ಕಡೆ ಕೈ ಮಾಡಿ ಕೇಳಿದಳು.

"ಮೇಲೆ ಇಡ್ಲಾ?"

ಮೇಸ್ತ್ರಿ ಬಲಗೈ ಎತ್ತಿದ. ಅದು ಹೆಗಲು ದಾಟಿತು, ಕಿವಿ ದಾಟಿತು, ಸೀಮೆಸುಣ್ಣದ ಕೊನೆಯ ಗೆರೆಯ ಹತ್ತಿರ ನಿಂತಿತು. ಹಿಂದಿನ ಮೇಸ್ತ್ರಿಯಾಗಿದ್ದರೆ 'ಇಡು' ಅಂದುಬಿಡುತ್ತಿದ್ದ. ಇವನು ಮೇಲಿನ ಹಲಗೆ ನೋಡಿದ, ತನ್ನ ಕೈ ನೋಡಿದ.

"ಬೇಡ. ಏಳು ಆಗಿದೆ, ಹತ್ತು ಇಲ್ಲ," ಎಂದ. "ನಡುವಿನ ಹಲಗೇಲಿ ಇಡು."

ಅವಳು ನಡುವಿನ ಹಲಗೆಯಲ್ಲಿಟ್ಟಳು. ಅವನು ಅಲ್ಲಿಂದ ತೆಗೆದು ನಾಲ್ವರಿಗೂ ಚಹಾ ಮಾಡಿದ.